ಜೊಂಜುವಿನಲ್ಲಿ ಬರೆದ ಕೆಂಪು ಹೆಸರು

ಗುಬ್ಬಿ

ನಾನು ಪುಕ್ಕಲು. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಕೊರಿಯಾಕ್ಕೆ ಹೋಗಿ ಬಂದೆ ಎಂದ ಕೂಡಲೇ ನನ್ನನ್ನು ಗಟ್ಟಿಗಿತ್ತಿ ಎಂದುಕೊಂಡುಬಿಡುತ್ತೀರಿ. ಗುಬ್ಬಿಯಲ್ಲಿ ರೈಲ್ವೆ ಗೇಟು ಹಾಕಿದಾಗ ಊರವರೆಲ್ಲ ಬಗ್ಗಿ ನುಸುಳಿದರೂ ನಾನು ನಿಂತೇ ಇರುತ್ತೇನೆ. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಎಷ್ಟು ಸಲ ವಾಪಸು ಓಡಿದ್ದೇನೋ ದೇವರಿಗೇ ಗೊತ್ತು. ನಾಯಿ, ಇಂಜೆಕ್ಷನ್, ಲಿಫ್ಟು, ಗೊತ್ತಿಲ್ಲದ ನಂಬರಿನ ಫೋನು, ಎಲ್ಲಕ್ಕೂ ಹೆದರುತ್ತೇನೆ. ಹೆದರದೆ ಮಾಡುವ ಕೆಲಸ ಒಂದೇ, ಅಕ್ಷರ ಬರೆಯುವುದು.

ನಮ್ಮದು ಪಾತ್ರೆ ಅಂಗಡಿ. ಯಜಮಾನರು ವ್ಯಾಪಾರ ನೋಡಿಕೊಳ್ಳುತ್ತಾರೆ. ಕೊಂಡ ಪಾತ್ರೆಯ ಮೇಲೆ ಹೆಸರು ಹಾಕುವುದು ನನ್ನ ಪಾಲಿಗೆ. ಹೆಸರು ಕೊರೆಯುವ ಸಣ್ಣ ಮಿಷನ್ನು ಕೈಯಲ್ಲಿ ಜುಂಯ್ ಎನ್ನುತ್ತಿರುತ್ತದೆ, ನಾನು ತಟ್ಟೆಯ ಹಿಂದೆ ಇಂಥವರ ಮದುವೆಯ ನೆನಪಿಗೆ ಇಂಥವರಿಂದ ಎಂದು ಬರೆಯುತ್ತಾ ಹೋಗುತ್ತೇನೆ. ಹಾಗಲವಾಡಿ, ಕಡಬದ ಕಡೆ ಎಷ್ಟೋ ಅಡುಗೆಮನೆಗಳಲ್ಲಿ ನನ್ನ ಕೈಬರಹವಿದೆ.

ಬೇರೆ ಲಿಪಿಗಳ ಹುಚ್ಚು ಹಿಡಿಸಿದವರು ಕುಣಿಗಲ್ಲಿನ ನಸ್ರೀನಕ್ಕ. ಉರ್ದು ಶಾಲೆಯಲ್ಲಿ ಟೀಚರಾಗಿದ್ದು ಈಗ ರಿಟೈರ್ ಆಗಿದ್ದಾರೆ. ಮಗಳ ಮದುವೆಯ ಪಾತ್ರೆಗಳಿಗೆ ಉರ್ದುವಿನಲ್ಲಿ ಹೆಸರು ಹಾಕಿಸಲು ಅಂಗಡಿ ಅಂಗಡಿ ತಿರುಗಿ, ಎಲ್ಲರೂ ಆಗಲ್ಲ ಎಂದ ಮೇಲೆ ಗುಬ್ಬಿಯವರೆಗೆ ಬಂದಿದ್ದರು. ಅವರು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿಕೊಂಡು ಬಲದಿಂದ ಎಡಕ್ಕೆ ಕೊರೆದೆ. ಒಂದು ಬಿಂದಿಗೆಯ ಮೇಲೆ ಚುಕ್ಕಿಯೊಂದು ಎಲ್ಲೋ ಹೋಗಿ ಕೂತಿತು. ಬೈಯುತ್ತಾರೆಂದು ನಾನು ನಡುಗುತ್ತಿದ್ದರೆ, ಅವರು ಸ್ಟೂಲು ಎಳೆದುಕೊಂಡು ಕೂತು ಅಲಿಫ್‌ನಿಂದ ಹೇಳಿಕೊಟ್ಟರು.

ಅಲ್ಲಿಂದ ಶುರುವಾಯಿತು. ಎರಡು ವಾರಕ್ಕೊಂದು ಭಾನುವಾರ ಇಬ್ಬರೂ ತುಮಕೂರಿಗೆ ಬಂದು ಅಮಾನಿಕೆರೆ ಪಾರ್ಕಿನ ಬೆಂಚಿನ ಮೇಲೆ ಕಾಪಿ ಪುಸ್ತಕ ಬಿಡಿಸಿ ಕೂರುತ್ತೇವೆ. ತಮಿಳು, ಬಂಗಾಳಿ, ಸಿಂಹಳ, ಥಾಯ್, ಆಮೇಲೆ ಕೊರಿಯನ್. ಭಾಷೆ ಯಾವುದೂ ಬರುವುದಿಲ್ಲ, ಬರೆಯುವುದಷ್ಟೇ. ವಾಕಿಂಗ್ ಬಂದವರೊಬ್ಬರು ಈ ವಯಸ್ಸಿನಲ್ಲಿ ಯಾವ ಪರೀಕ್ಷೆ ಕಟ್ಟಿದ್ದೀರಿ ಎಂದು ಕೇಳಿದ್ದರು.

ಫೋನಿನಲ್ಲಿ ನಮ್ಮಂಥವರದೇ ಒಂದು ಗುಂಪಿದೆ. ಬೇರೆ ಬೇರೆ ದೇಶದವರು ತಾವು ಬರೆದ ಹಾಳೆಯ ಫೋಟೋ ಹಾಕುತ್ತಾರೆ. ಒಂದು ದಿನ ಅಲ್ಲಿ ಕನ್ನಡ ಕಂಡಿತು. ಅ, ಆ, ಇ, ಈ, ನಾನು ಕೂಡ ಅಷ್ಟು ದುಂಡಗೆ ಬರೆಯಲಾರೆ. ಬರೆದವರು ಕೊರಿಯಾದ ಜೊಂಜು ಎಂಬ ಊರಿನ ಯಂಗ್‌ಸುಕ್. ಅವರೂ ರಿಟೈರ್ ಆದ ಮೇಡಂ. ಎರಡು ವರ್ಷ ಅಂಚೆಯಲ್ಲಿ ಹಾಳೆಗಳು ಓಡಾಡಿದವು. ಕೊನೆಗೆ ಒಂದು ಹಾಳೆಯಲ್ಲಿ ಒಂದೇ ಸಾಲಿತ್ತು, ನಮ್ಮ ಮನೆಗೆ ಬನ್ನಿ ಎಂದು. ಆ ಅಕ್ಷರಗಳನ್ನು ನೋಡಿದ ಮೇಲೆ ಆಗಲ್ಲ ಎನ್ನಲು ಬಾಯಿ ಬರಲಿಲ್ಲ.

ತುಮಕೂರು

ಏರ್‌ಪೋರ್ಟಿಗೆ ಹೊರಡುವ ದಿನ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಸ್ರೀನಕ್ಕ ಒಂದು ಬ್ಯಾಗು ಹಿಡಿದು ನಗುನಗುತ್ತಾ ನಿಂತಿದ್ದರು. ನನ್ನ ಬಳಿ ಮೂರು. ಒಂದರಲ್ಲಿ ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ, ಮಾತ್ರೆ. ಇನ್ನೊಂದರಲ್ಲಿ ವಿಭೂತಿ, ಕುಂಕುಮದ ಭರಣಿ, ನಮ್ಮೂರ ದೇವರು ಗುಬ್ಬಿಯಪ್ಪನ ಸಣ್ಣ ಫೋಟೋ. ಪಾಸ್‌ಪೋರ್ಟನ್ನು ಸೆರಗಿನೊಳಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದೆ. ಐದು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ವಿಮಾನ ಬಿದ್ದರೆ ಏನು ಮಾಡುವುದು ಎಂದು ಕೇಳಿದೆ. ಬಿದ್ದ ಮೇಲೆ ನಾವೇನು ಮಾಡೋದಿರಲ್ಲ, ಮಾಡೋರು ಬೇರೆಯವರು ಎಂದರು ನಸ್ರೀನಕ್ಕ. ಸಮಾಧಾನ ಹೇಳುವುದರಲ್ಲಿ ಅವರದು ಈ ಬಗೆ. ಅವರ ಪಕ್ಕ ಕೂತರೆ ನನ್ನ ಹೆದರಿಕೆ ಕಡಿಮೆಯೇನೂ ಆಗುವುದಿಲ್ಲ, ಆದರೆ ನಾಚಿಕೆ ಹೆಚ್ಚಾಗಿ ಸುಮ್ಮನಿರುತ್ತೇನೆ.

ಇಂಚಾನ್

ವಿಮಾನ ಬೀಳಲಿಲ್ಲ. ಇಂಚಾನ್ ಏರ್‌ಪೋರ್ಟಿನಲ್ಲಿ ಯಂಗ್‌ಸುಕ್ ಮತ್ತು ಅವರ ಗಂಡ ಸಂಗ್‌ಹೋ ಕನ್ನಡದಲ್ಲಿ ಸುಸ್ವಾಗತ ಎಂದು ಬರೆದ ಹಲಗೆ ಹಿಡಿದು ನಿಂತಿದ್ದರು. ಆ ಊರಿನಲ್ಲಿ ಕನ್ನಡ ಕಂಡದ್ದೇ ನಾನು ಹಲಗೆಯ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದೆ. ಯಂಗ್‌ಸುಕ್ ಅರವತ್ತರ ಹೆಂಗಸು, ಚಿಕ್ಕ ಕಾಯ, ಬೆಳ್ಳಗಾದ ಕತ್ತರಿಸಿದ ಕೂದಲು. ಸಂಗ್‌ಹೋ ಎತ್ತರದ ಮನುಷ್ಯ, ಮಾತಿಲ್ಲ ಕತೆಯಿಲ್ಲ, ಬಗ್ಗಿ ನಮಸ್ಕಾರ ಮಾಡಿ ನನ್ನ ಬ್ಯಾಗು ಎತ್ತಿಕೊಂಡರು.

ಮಾತೆಲ್ಲ ಫೋನಿನ ಮೂಲಕ. ಅವರು ಕೊರಿಯನ್ನಿನಲ್ಲಿ ಹೇಳಿದರೆ ಫೋನು ಕನ್ನಡದಲ್ಲಿ ಓದುತ್ತದೆ. ಅದರ ಕನ್ನಡ ಸರ್ಕಾರಿ ನೋಟೀಸಿನಂತೆ. ನಿಮಗೆ ಹಸಿವಾಗಿದೆಯೇ ಎನ್ನುವುದಕ್ಕೆ ತಾವು ಆಹಾರದ ಅಗತ್ಯವನ್ನು ಹೊಂದಿರುವಿರಾ ಎನ್ನುತ್ತಿತ್ತು.

ಎಸ್ಕಲೇಟರಿನ ಮುಂದೆ ನಾನು ಕಂಬದ ಹಾಗೆ ನಿಂತುಬಿಟ್ಟೆ. ಹಿಂದೆ ಜನ ಸೇರಿದರು. ಒಬ್ಬರೂ ಗೊಣಗಲಿಲ್ಲ, ಸಾಲಾಗಿ ಸುಮ್ಮನೆ ನಿಂತರು, ಅದರಿಂದ ನನಗೆ ಇನ್ನೂ ದಿಗಿಲಾಯಿತು. ನಮ್ಮ ಕಡೆಯಾಗಿದ್ದರೆ ಯಾರಾದರೂ ಬೈದು ಪಕ್ಕಕ್ಕೆ ತಳ್ಳಿ ಕೆಲಸ ಮುಗಿಸುತ್ತಿದ್ದರು. ಆಗ ಸಂಗ್‌ಹೋ ನನ್ನ ಮುಖ ನೋಡಿ, ಬದಿಯ ಮೆಟ್ಟಿಲು ತೋರಿಸಿ, ಬ್ಯಾಗು ಹೊತ್ತು ನನ್ನ ಜೊತೆ ನಿಧಾನಕ್ಕೆ ಹತ್ತಿದರು. ಮಧ್ಯೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ನನಗೋಸ್ಕರ ನಿಂತರು ಎಂದುಕೊಂಡೆ.

ಜೊಂಜು

ಇಂಚಾನಿನಿಂದ ಜೊಂಜುವಿಗೆ ಬಸ್ಸು. ಬಸ್ಸಿನಲ್ಲಿ ಒಬ್ಬರೂ ಗಟ್ಟಿಯಾಗಿ ಮಾತಾಡಲಿಲ್ಲ. ನಸ್ರೀನಕ್ಕ ಕುಣಿಗಲ್ಲಿಗೆ ಫೋನು ಮಾಡಿ ಮಗಳ ಜೊತೆ ಜೋರಾಗಿ ಹರಟತೊಡಗಿದಾಗ ಡ್ರೈವರು ಕನ್ನಡಿಯಲ್ಲಿ ನೋಡಿದ. ನನಗೆ ಮುಖವೆಲ್ಲಿ ಇಟ್ಟುಕೊಳ್ಳಲಿ ಎನ್ನಿಸಿತು.

ಮನೆ ಚಿಕ್ಕದು, ಚೊಕ್ಕಟ. ನೆಲ ಬೆಚ್ಚಗಿರುತ್ತದೆ. ಮೊದಲು ಕಾಲಿಟ್ಟಾಗ ಕೆಳಗೆಲ್ಲೋ ಬೆಂಕಿ ಬಿದ್ದಿದೆ ಎಂದೇ ಹೆದರಿದ್ದೆ. ಬಾಗಿಲಿಗೆ ಬೀಗವಿಲ್ಲ, ನಂಬರು ಒತ್ತಬೇಕು. ಮೊದಲ ಬೆಳಿಗ್ಗೆಯೇ, ನಮ್ಮೂರಿನಂತೆ ಬಾಗಿಲ ಮುಂದೆ ಎರಡೆಳೆ ರಂಗೋಲಿ ಹಾಕೋಣವೆಂದು ಬರಿಗಾಲಲ್ಲಿ ಹೊರಗೆ ಬಂದೆ. ಹಿಂದೆ ಬಾಗಿಲು ಟಣ್ ಎಂದು ಮುಚ್ಚಿಕೊಂಡಿತು. ಚಳಿ ಕೊರೆಯುತ್ತಿತ್ತು. ಬಾಗಿಲು ಬಡಿದರೆ ಅಕ್ಕಪಕ್ಕದವರು ಪೊಲೀಸರಿಗೆ ಫೋನು ಮಾಡುತ್ತಾರೋ ಏನೋ ಎಂದು ಹೆದರಿ ಕಾಲು ಗಂಟೆ ಹೊರಗೇ ನಿಂತಿದ್ದೆ. ಕಸದ ಚೀಲ ಹಿಡಿದು ಬಂದ ಸಂಗ್‌ಹೋ ನನ್ನನ್ನು ನೋಡಿ, ಏನೂ ಕೇಳದೆ, ತಮ್ಮ ಚಪ್ಪಲಿ ಬಿಚ್ಚಿ ನನ್ನ ಮುಂದಿಟ್ಟರು. ತಾವು ಕಾಲುಚೀಲದಲ್ಲೇ ಹೋಗಿ ಪ್ಲಾಸ್ಟಿಕ್ಕು ಒಂದು ಕಡೆ, ಗಾಜು ಒಂದು ಕಡೆ, ಕಾಗದ ಒಂದು ಕಡೆ ಬೇರೆ ಮಾಡಿ ಹಾಕಿ ಬಂದರು. ಇಷ್ಟು ಶ್ರದ್ಧೆ ನಮ್ಮಲ್ಲಿ ಅಕ್ಕಿ ಆರಿಸುವಾಗ ಮಾತ್ರ ನೋಡಿದ್ದೇನೆ.

ಊಟದ ಫಜೀತಿ ಬೇರೆ. ನಾನು ಮಾಂಸ ತಿನ್ನುವವಳಲ್ಲ, ನಸ್ರೀನಕ್ಕನಿಗೆ ಹಲಾಲ್ ಆಗಬೇಕು. ಯಂಗ್‌ಸುಕ್ ಅನ್ನ, ಮೊಳಕೆಕಾಳು, ಸೊಪ್ಪು, ಕ್ಯಾರೆಟ್ಟು ಒಂದೊಂದನ್ನೂ ಬೇರೆ ಬೇರೆ ಬೇಯಿಸಿ ದೊಡ್ಡ ಬಟ್ಟಲಿಗೆ ಹಾಕಿ ಕಲಸಿ ಎಂದರು. ಮೇಲೆ ನಮ್ಮ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಸಂಗ್‌ಹೋ ಕೂಡ ಹಾಕಿಸಿಕೊಂಡು, ಕಣ್ಣಲ್ಲಿ ನೀರು ಬಂದರೂ ಎರಡನೇ ಸಲ ಬಟ್ಟಲು ಚಾಚಿದರು.

ಊಟವಾದ ಮೇಲೆ ಯಂಗ್‌ಸುಕ್ ಕೈಯಲ್ಲಿ ಮಾಡಿದ ಕಾಗದ ತಂದು ಹರಡಿದರು. ಜೊಂಜು ಈ ಕಾಗದಕ್ಕೆ ಹೆಸರುವಾಸಿ. ಮುಟ್ಟಿದರೆ ಹಳೆಯ ಹತ್ತಿ ಸೀರೆಯ ಹಾಗೆ. ಕುಂಚ ಹಿಡಿಯುವುದು, ಗೀರು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲಬೇಕು, ಎಲ್ಲ ತೋರಿಸಿದರು. ಅವರ ಲಿಪಿಯಲ್ಲಿ ಪುಟ್ಟ ಸೊನ್ನೆಯೊಂದು ಬರುತ್ತದೆ. ಅದನ್ನು ನಾನು ಒಂದೇ ಸುತ್ತಿಗೆ ಬರೆದದ್ದು ನೋಡಿ ಅವರು ಗಂಡನನ್ನು ಕರೆದು ತೋರಿಸಿದರು. ಕನ್ನಡದವರಿಗೆ ಸೊನ್ನೆ ಸುತ್ತುವುದು ಹೇಳಿಕೊಡಬೇಕೇ? ಊರು ಬಿಟ್ಟ ಮೇಲೆ ಮೊದಲ ಸಲ ನನ್ನ ಎದೆ ಹಗುರಾಯಿತು.

ಆಗ ಯಂಗ್‌ಸುಕ್ ಫೋನು ಹಿಡಿದು ನಿಧಾನವಾಗಿ ಏನೋ ಹೇಳಿದರು. ಫೋನು ಅದನ್ನು ತನ್ನ ಸಪ್ಪೆ ದನಿಯಲ್ಲಿ ಓದಿತು: "ಗುರುವಾರದಂದು ನನ್ನ ಪತಿಯ ಹೃದಯದ ಬಾಗಿಲನ್ನು ಸರಿಪಡಿಸಲಾಗುವುದು."

ಕವಾಟದ ಆಪರೇಷನ್ ಎಂದು ನಸ್ರೀನಕ್ಕ ನನಗೆ ಬಿಡಿಸಿ ಹೇಳಿದರು. ಮುಂದಿನ ತಿಂಗಳು ಇದ್ದದ್ದನ್ನು ಆಸ್ಪತ್ರೆಯವರು ಮುಂಚೆ ಮಾಡಿದ್ದರು. ನಾವು ಟಿಕೆಟ್ಟು ಮಾಡಿಸಿಬಿಟ್ಟಿದ್ದೆವಲ್ಲ, ಬರಬೇಡಿ ಎನ್ನಲು ಅವರಿಗೆ ಮನಸ್ಸಾಗಲಿಲ್ಲ. ಈ ಮನುಷ್ಯ ನನ್ನ ಬ್ಯಾಗು ಹೊತ್ತು ಮೆಟ್ಟಿಲು ಹತ್ತಿದ್ದರು. ಚಪ್ಪಲಿ ಬಿಟ್ಟುಕೊಟ್ಟು ಚಳಿಯಲ್ಲಿ ನಡೆದಿದ್ದರು. ನಾವು ವಾಪಸು ಹೋಗುತ್ತೇವೆ ಎಂದೆವು. ಯಂಗ್‌ಸುಕ್ ಬೇಡವೆಂದು ತಲೆಯಾಡಿಸಿ, ಮನೆಯಲ್ಲಿ ಜನ ಇದ್ದರೆ ನನಗೆ ಒಳ್ಳೆಯದು ಎಂದರು.

ಗುರುವಾರ

ಸಂಗ್‌ಹೋ ಹಿಂದಿನ ದಿನವೇ ಆಸ್ಪತ್ರೆ ಸೇರಿದ್ದರು. ಗುರುವಾರ ಬೆಳಿಗ್ಗೆ ಯಂಗ್‌ಸುಕ್ ಹೊರಟರು. ಒಬ್ಬರಿಗಿಂತ ಹೆಚ್ಚು ಜನರನ್ನು ಬಿಡುವುದಿಲ್ಲವಂತೆ. ಒಂಬತ್ತಕ್ಕೆ ಆಪರೇಷನ್ ಶುರು. ಮಧ್ಯಾಹ್ನ ಕಳೆದ ಮೇಲೆಯೇ ಸುದ್ದಿ ಗೊತ್ತಾಗುವುದು.

ನಾನು ಸ್ನಾನ ಮಾಡಿ ಗುಬ್ಬಿಯಪ್ಪನ ಫೋಟೋ ಗೋಡೆಗೆ ಒರಗಿಸಿಟ್ಟೆ. ನಮ್ಮ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಅವರ ಹೆಸರನ್ನು ಕುಂಕುಮದ ನೀರಿನಲ್ಲಿ ನೂರೆಂಟು ಸಲ ಬರೆದು ದೇವರ ಮುಂದಿಡುವುದು ನಮ್ಮತ್ತೆಯಿಂದ ಬಂದ ಪದ್ಧತಿ. ಯಜಮಾನರ ಅಪೆಂಡಿಕ್ಸಿಗೆ ಬರೆದಿದ್ದೇನೆ, ಮಗಳ ಹೆರಿಗೆಗೆ ಬರೆದಿದ್ದೇನೆ. ಬರೆದವರೆಲ್ಲ ಮನೆಗೆ ಬಂದಿದ್ದಾರೆ. ಪುಕ್ಕಲಿಯ ಕೈಯಲ್ಲಿ ಇರುವ ಆಯುಧ ಅದೊಂದೇ. ಬೇರೆ ದೇಶದ ಮನುಷ್ಯ, ಬೇರೆ ಲಿಪಿ, ಆದರೆ ಹೆಸರು ಹೆಸರೇ ತಾನೇ ಎಂದುಕೊಂಡೆ.

ತಟ್ಟೆಯಲ್ಲಿ ಕುಂಕುಮ ಕಲಸಿದೆ. ಯಂಗ್‌ಸುಕ್ ಕೊಟ್ಟ ದೊಡ್ಡ ಕಾಗದ ಹರಡಿ, ಅವರದೇ ಕುಂಚದಲ್ಲಿ, ಅವರ ಗಂಡನ ಹೆಸರನ್ನು ಸಾಲಿಗೆ ಒಂಬತ್ತರಂತೆ ಹನ್ನೆರಡು ಸಾಲು ಬರೆದೆ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬರೆದಿಲ್ಲ. ಒಂದು ಸೊನ್ನೆಯೂ ಓರೆಯಾಗಲಿಲ್ಲ. ಕಾಗದವನ್ನು ಗೋಡೆಗೆ, ಬಾಗಿಲಿನಿಂದ ಬಂದವರಿಗೆ ಕಾಣುವಂತೆ, ಅನ್ನದ ಅಗುಳಿನಿಂದ ಅಂಟಿಸಿದೆ. ಫೋಟೋ ತೆಗೆದು ಯಂಗ್‌ಸುಕ್‌ಗೆ ಕಳಿಸಿದೆ, ನಿಮ್ಮ ಯಜಮಾನರಿಗಾಗಿ ಎಂದು. ಅವರು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲಿ ಪುರುಸೊತ್ತು ಎಂದುಕೊಂಡೆ.

ಹನ್ನೊಂದರ ಹೊತ್ತಿಗೆ ಬಾಗಿಲ ನಂಬರು ಒತ್ತಿದ ಸದ್ದಾಯಿತು. ಬಂದವರು ಸಂಗ್‌ಹೋ ಅವರ ಅಕ್ಕ. ಎಪ್ಪತ್ತು ದಾಟಿದ ಹೆಂಗಸು, ಹಿಂದಿನ ದಿನ ಒಮ್ಮೆ ಬಂದು ಹೋಗಿದ್ದರು. ನಮಗೆ ಊಟ ತಂದಿದ್ದರು. ಚಪ್ಪಲಿ ಬಿಚ್ಚಿ ತಲೆಯೆತ್ತಿದವರು ಗೋಡೆ ನೋಡಿ ಹಾಗೇ ನಿಂತರು. ಡಬ್ಬಿ ಕೈಜಾರಿ ಅನ್ನ ನೆಲದ ಮೇಲೆ ಚೆಲ್ಲಿತು. ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು, ಅಷ್ಟೇ. ಗೋಡೆಯ ಹತ್ತಿರ ಹೋಗಿ ಕಾಗದ ಕಿತ್ತರು. ಹರಿಯಲು ಹೋದರು. ಕೈ ಬರಲಿಲ್ಲ, ಹರಿದರೆ ತಮ್ಮನ ಹೆಸರೇ ಹರಿಯುತ್ತದಲ್ಲ. ಮಡಿಸಿ ಎದೆಗವಚಿಕೊಂಡರು.

ಆಮೇಲೆ ಅಡುಗೆಮನೆಗೆ ಓಡಿ ಹಿಡಿ ತುಂಬ ಕಲ್ಲುಪ್ಪು ತಂದು ಹೊಸ್ತಿಲ ಮೇಲೆ ಎಸೆದರು. ಇನ್ನೊಂದು ಹಿಡಿ ಗೋಡೆಯ ಬುಡಕ್ಕೆ. ಮತ್ತೊಂದು ಹಿಡಿ ನಾನು ಕೂತಿದ್ದ ಕಡೆಗೆ.

ಉಪ್ಪು ನೋಡಿದ ಮೇಲೆ ನನಗೆ ಫೋನು ಬೇಕಾಗಲಿಲ್ಲ. ದೃಷ್ಟಿಗೆ, ಕೆಡುಕಿಗೆ ನಾವೂ ಉಪ್ಪನ್ನೇ ಹಿಡಿಯುತ್ತೇವೆ. ಈ ಮನೆಗೆ ಕೆಡುಕು ಬಂದಿದೆ, ಬಂದದ್ದು ನನ್ನ ಕೈಯಿಂದ ಎನ್ನುವುದು ಅರ್ಥವಾಯಿತು. ಆದರೆ ಏನು ಮಾಡಿದೆನೆಂದು ಗೊತ್ತಾಗಲಿಲ್ಲ. ಅವರು ಫೋನು ತೆಗೆದು ಹೇಳಿದರು. ಫೋನು ಓದಿತು: "ಬದುಕಿರುವವರ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಯುವುದಿಲ್ಲ. ಮೃತರ ಹೆಸರನ್ನು ಮಾತ್ರ ಬರೆಯಲಾಗುತ್ತದೆ."

ಅವರು ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಗಂಟೆ ಹನ್ನೊಂದೂಕಾಲು. ಅತ್ತ ಸಂಗ್‌ಹೋ ಅವರ ಎದೆ ಬಿಚ್ಚಿ ಮಲಗಿಸಿದ್ದರು.

ನಾನು ಅಳಲು ಶುರು ಮಾಡಿದೆ. ನಸ್ರೀನಕ್ಕ ನೆಲಕ್ಕೆ ಬಿದ್ದ ಅನ್ನ ಬಳಿದರು, ಉಪ್ಪನ್ನು ಮಾತ್ರ ಮುಟ್ಟಲಿಲ್ಲ. ಆಮೇಲೆ ನನ್ನ ಪಕ್ಕ ಕೂತರು. "ನೋಡು ಗಿರಿಜಾ, ನಾನು ಮೂವತ್ತು ವರ್ಷ ಮಕ್ಕಳ ಹೆಸ್ರು ಕೆಂಪಿಂಕಲ್ಲೇ ಬರ್ದಿದೀನಿ. ಎಲ್ರೂ ಗುಂಡುಕಲ್ಲಂಗವ್ರೆ. ಸುಮ್ನಿರು."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಹೆಸರು ಬರೆದರೆ ಜೀವ ಉಳಿಯುತ್ತದೆ ಎಂದು ನಂಬಿಯೇ ನಾನು ಬರೆದದ್ದು. ನನ್ನ ನಂಬಿಕೆಗೆ ಬಲವಿದೆ, ಅವರ ನಂಬಿಕೆಗೆ ಇಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಅಕ್ಷರ ಕಾಯುತ್ತದೆ ಎಂದಾದರೆ ಅಕ್ಷರ ಕೊಲ್ಲುತ್ತದೆ ಎನ್ನುವುದನ್ನೂ ಒಪ್ಪಬೇಕಲ್ಲ. ಅದೂ ಅವರ ನೆಲ, ಅವರ ಲಿಪಿ, ಅವರ ಮನುಷ್ಯ. ಒಂದು ಸಲವಲ್ಲ, ನೂರೆಂಟು ಸಲ ಬರೆದಿದ್ದೆ. ಸಾಲದ್ದಕ್ಕೆ ಆಪರೇಷನ್ ಕೋಣೆಯ ಹೊರಗೆ ಒಬ್ಬಳೇ ಕೂತ ಹೆಂಡತಿಗೆ ಫೋಟೋ ಬೇರೆ ಕಳಿಸಿದ್ದೆ. ಅವರು ಯಾಕೆ ಉತ್ತರ ಕೊಡಲಿಲ್ಲ ಎಂದು ಈಗ ಗೊತ್ತಾಗಿತ್ತು.

ಕಪ್ಪು ಶಾಯಿಯಲ್ಲಿ ಮತ್ತೆ ನೂರೆಂಟು ಬರೆದರೆ ಸರಿಹೋದೀತೇ ಎಂದು ಕುಂಚ ಎತ್ತಿಕೊಂಡೆ. ಸೊನ್ನೆ ಕೂಡಲಿಲ್ಲ. ಗೀರು ಹೊರಟ ಜಾಗ ಒಂದು ಕಡೆ, ಬಂದು ಸೇರಿದ್ದು ಇನ್ನೊಂದು ಕಡೆ. ಮತ್ತೆ ಬರೆದೆ, ಮತ್ತೆ ಹಾಗೆಯೇ ಆಯಿತು. ನಸ್ರೀನಕ್ಕ ಕೈಯಿಂದ ಕುಂಚ ಕಿತ್ತುಕೊಂಡರು.

ಗುಬ್ಬಿಗೆ ಫೋನು ಮಾಡಿದೆ. ಯಜಮಾನರಿಗೆ ಎಲ್ಲ ಹೇಳಿದೆ. ಅಂಗಡಿಯಲ್ಲಿ ಯಾರೋ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. "ನೀನ್ ಬೇಕಂತ ಮಾಡಿಲ್ಲ, ದೇವ್ರಿಗೆ ಗೊತ್ತೈತೆ ಬುಡು" ಎಂದರು. ಫೋನಿಟ್ಟ ಮೇಲೆ ಇನ್ನೂ ಜಾಸ್ತಿ ಅಳು ಬಂತು.

ಒಂದಾಯಿತು, ಎರಡಾಯಿತು. ನಸ್ರೀನಕ್ಕ ಒಂದು ಮೂಲೆಯಲ್ಲಿ ನಮಾಜು ಮಾಡಿದರು. ನಾನು ಗುಬ್ಬಿಯಪ್ಪನ ಮುಂದೆ ಕೂತೆ, ಬಾಯಲ್ಲಿ ಮಂತ್ರ ಬರಲಿಲ್ಲ. ಅವರಿಗೆ ಏನಾದರೂ ಆದರೆ ಯಂಗ್‌ಸುಕ್ ಮುಖ ಹೇಗೆ ನೋಡುವುದು? ಊರಿಗೆ ಹೋಗಿ ಮಿಷನ್ನು ಹಿಡಿದು ಯಾರ ಹೆಸರನ್ನಾದರೂ ಹೇಗೆ ಕೊರೆಯುವುದು? ಗೋಡೆಯಲ್ಲಿ ಅಗುಳು ಒಣಗಿದ ನಾಲ್ಕು ಗುರುತು ಹಾಗೇ ಇದ್ದವು. ಆ ಕಡೆ ಬೆನ್ನು ಮಾಡಿ ಕೂತೆ.

ಮೂರೂವರೆಗೆ ಫೋನಿಗೆ ಸುದ್ದಿ ಬಂತು. ಯಂಗ್‌ಸುಕ್ ಕನ್ನಡದಲ್ಲಿ ಬರೆದಿದ್ದರು, ಫೋನಿನಿಂದ ನೋಡಿ ತಮ್ಮ ಕೈಯಲ್ಲೇ ಒಂದು ಚೀಟಿಯ ಮೇಲೆ ಬರೆದು ಅದರ ಫೋಟೋ ಕಳಿಸಿದ್ದರು. ಮುಗಿಯಿತು, ಉಸಿರಾಡುತ್ತಿದ್ದಾರೆ ಎಂದಿತ್ತು. ಅಕ್ಷರಗಳು ದುಂಡಗಿರಲಿಲ್ಲ, ಎಲ್ಲ ಸೊಟ್ಟ. ನಸ್ರೀನಕ್ಕ ಓದಿ ಹೇಳಿದ ಮೇಲೆಯೇ ನಾನು ನಂಬಿದ್ದು.

ಆಸ್ಪತ್ರೆಯಿಂದ ಬಂದವರು

ಸಂಜೆ ಯಂಗ್‌ಸುಕ್ ಬಟ್ಟೆ ಬದಲಿಸಲು ಮನೆಗೆ ಬಂದರು. ನಾನು ಎದ್ದು ಅವರ ಕಾಲಿಗೆ ಬೀಳಲು ಹೋದೆ. ಅವರು ಗಾಬರಿಯಾಗಿ ತಾವೂ ನೆಲಕ್ಕೆ ಕೂತರು. ಇಬ್ಬರೂ ಮಂಡಿಯೂರಿ ಎದುರುಬದುರು. ಅವರು ಫೋನಿನ ಮೂಲಕ ಹೇಳತೊಡಗಿದರು. ಆಸ್ಪತ್ರೆಯಲ್ಲಿ ಒಂದು ದೊಡ್ಡ ಪರದೆಯಿದೆಯಂತೆ, ಅದರಲ್ಲಿ ರೋಗಿಯ ಹೆಸರಿನ ಮುಂದೆ ಆಪರೇಷನ್ ನಡೆಯುತ್ತಿದೆ ಎಂದು ಬರೆದಿರುತ್ತದಂತೆ. ಅದನ್ನು ನೋಡುತ್ತಾ ಕೂತಿದ್ದಾಗ ನನ್ನ ಫೋಟೋ ಬಂತಂತೆ. ಮೊದಲು ಭಯವಾಯಿತು, ಆಮೇಲೆ ತುಂಬಾ ಕೋಪ ಬಂತು, ಫೋನನ್ನು ಮಗುಚಿ ಇಟ್ಟೆ ಎಂದರು. ಮುಚ್ಚಿಡದೆ ಹೇಳಿದರು. ನನಗೆ ಅದೇ ಒಳ್ಳೆಯದೆನಿಸಿತು.

ಮತ್ತೆ ಫೋನಿಗೆ ಹೇಳಿದರು. ಫೋನು ಓದಿತು: "ನಂತರ ನಾನು ಆ ಹೆಸರುಗಳನ್ನು ಎಣಿಸಿದೆನು. ತಪ್ಪಿತು. ಮತ್ತೆ ಎಣಿಸಿದೆನು. ನಾಲ್ಕು ಗಂಟೆಗಳ ಕಾಲ ಬೇರೆ ಏನನ್ನೂ ಮಾಡಲು ನನಗೆ ಸಾಧ್ಯವಾಗಲಿಲ್ಲ."

ಅವರು ನನ್ನ ಕೈ ಹಿಡಿದುಕೊಂಡರು. ಇನ್ನು ಮೂರು ದಿನ ಅಪಾಯ ಇದ್ದೇ ಇದೆ ಎಂದು ಡಾಕ್ಟರು ಹೇಳಿದ್ದರಂತೆ. ಆ ಮೂರು ದಿನವೂ ನಾನು ಕುಂಚ ಮುಟ್ಟಲಿಲ್ಲ. ಊರು ನೋಡಲು ಹೋಗಿ ಎಂದು ಯಂಗ್‌ಸುಕ್ ಎಷ್ಟು ಹೇಳಿದರೂ ಮನೆ ಬಿಟ್ಟು ಕದಲಲಿಲ್ಲ. ಒಮ್ಮೆ ನಸ್ರೀನಕ್ಕನ ಬಲವಂತಕ್ಕೆ ರಸ್ತೆ ತುದಿಯವರೆಗೆ ಹೋದೆ. ಒಂದೂ ಗಾಡಿಯಿಲ್ಲದ ರಸ್ತೆಯಲ್ಲಿ ಜನ ಕೆಂಪು ದೀಪ ನೋಡಿಕೊಂಡು ನಿಂತಿದ್ದರು. ತುಮಕೂರಿನ ಬಿ.ಎಚ್. ರೋಡಿನಲ್ಲಿ ಹೀಗೆ ನಿಂತರೆ ಆಟೋದವರು ಎಲ್ಲಿಗೆ ಹೋಗಬೇಕಮ್ಮ ಎಂದು ಕೇಳುತ್ತಾರೆ. ಆ ಕೆಂಪನ್ನೂ ನೋಡಲಾರದೆ ವಾಪಸು ಬಂದೆ.

ನಾಲ್ಕನೇ ದಿನ ಸಂಗ್‌ಹೋ ಅವರನ್ನು ವಾರ್ಡಿಗೆ ತಂದರು. ಗಂಜಿ ಕುಡಿದರಂತೆ. ಆ ಖಾರದ ಪುಡಿ ಇದೆಯೇ ಎಂದು ಕೇಳಿದರಂತೆ. ಅವತ್ತು ನಾನು ಹೊಟ್ಟೆ ತುಂಬ ಉಂಡೆ.

ಹೊರಡುವ ದಿನ

ಬಸ್ಸಿಗೆ ಎರಡು ಗಂಟೆ ಇತ್ತು. ಯಂಗ್‌ಸುಕ್ ಆಸ್ಪತ್ರೆಗೆ ಹೋಗಿದ್ದರು, ಬಸ್ಸಿನ ಹೊತ್ತಿಗೆ ಬರುತ್ತೇನೆ ಎಂದಿದ್ದರು. ಬಾಗಿಲ ನಂಬರಿನ ಸದ್ದಾಯಿತು. ಸಂಗ್‌ಹೋ ಅವರ ಅಕ್ಕ.

ಗುರುವಾರದ ಮೇಲೆ ಅವರು ಇತ್ತ ಬಂದಿರಲಿಲ್ಲ. ನಾನು ಪ್ಯಾಕು ಮಾಡುತ್ತಿದ್ದ ಬ್ಯಾಗಿನ ಹಿಂದೆ ಸರಿದು ಕೂತೆ. ಅವರು ನನ್ನ ಎದುರು ಕೂತು, ಚೀಲದಿಂದ ಒಂದು ಬಿಳಿಯ ಕಾಗದ ತೆಗೆದು ನೆಲದ ಮೇಲೆ ಹರಡಿದರು. ಆಮೇಲೆ ತೆರೆದ ಬ್ಯಾಗಿನಲ್ಲಿ ಕಾಣುತ್ತಿದ್ದ ಕುಂಕುಮದ ಭರಣಿಯ ಕಡೆ ಬೆರಳು ಮಾಡಿದರು. ನಾನು ಭರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಬೇಡ, ಬೇಡ ಎಂದು ಕನ್ನಡದಲ್ಲೇ ಹೇಳಿದೆ.

ಅವರು ಒಂದು ಹಳೆಯ ನೋಟ್‌ಬುಕ್ಕು ತೆಗೆದರು. ಶಾಲೆಯ ಮಕ್ಕಳದು, ಅಂಚು ಹಳದಿಯಾಗಿತ್ತು. ರಟ್ಟಿನ ಮೇಲೆ ಹೆಸರು ಬರೆಯುವ ಜಾಗದಲ್ಲಿ ಪೆನ್ಸಿಲಿನಲ್ಲಿ ಒಂದು ಹೆಸರು. ಮಗುವಿನ ಕೈ. ಸೋಯನ್ ಎಂದು ಕೂಡಿಸಿ ಕೂಡಿಸಿ ಓದಿಕೊಂಡೆ. ಅವರು ಫೋನಿಗೆ ಎರಡೇ ಮಾತು ಹೇಳಿದರು.

"ನನ್ನ ಮಗಳು. ಅವಳಿಗೆ ಕೆಂಪು ಬಣ್ಣ ಪರವಾಗಿಲ್ಲ."

ನಸ್ರೀನಕ್ಕನಿಗೆ ನನಗಿಂತ ಮೊದಲು ಅರ್ಥವಾಯಿತು. ಅವರು ಹಿಂದೆ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಬರ್ಕೊಡು ಗಿರಿಜಾ. ಇಷ್ಟು ದೂರ ಇದಕ್ಕೇ ಬಂದಿದೀವಿ ಅನ್ಕೊ."

ನಮ್ಮತ್ತೆ ಇನ್ನೊಂದು ಮಾತು ಹೇಳುತ್ತಿದ್ದರು, ಅದನ್ನು ಇಲ್ಲಿಯವರೆಗೆ ನಿಮಗೆ ಹೇಳಲಿಲ್ಲ. ಕುಂಕುಮದಲ್ಲಿ ಬದುಕಿರುವವರ ಹೆಸರು ಮಾತ್ರ ಬರೆಯಬೇಕು, ಹೋದವರದ್ದು ಬರೆದರೆ ವಾಪಸು ಕರೆದ ಹಾಗಾಗುತ್ತದೆ ಎಂದು. ಇವರಿಗೆ ಬದುಕಿರುವವರದ್ದು ಬರೆಯಬಾರದು, ನಮಗೆ ಹೋದವರದ್ದು. ಈ ಮಾತನ್ನು ಅವರಿಗೆ ಹೇಳೋಣವೆಂದು ಫೋನು ಎತ್ತಿಕೊಂಡೆ. ಅವರ ಮುಖ ನೋಡಿ ಕೆಳಗಿಟ್ಟೆ.

ತಟ್ಟೆಯಲ್ಲಿ ಕುಂಕುಮ ಕಲಸಿದೆ. ನನ್ನ ಚಂದದ ಅಕ್ಷರ ಅವರಿಗೆ ಬೇಕಾಗಿರಲಿಲ್ಲ, ಅದು ಆ ನೋಟ್‌ಬುಕ್ಕು ನೋಡಿದ ಕೂಡಲೇ ತಿಳಿದಿತ್ತು. ಮಗುವಿನ ಬರಹವನ್ನು ಹತ್ತಿರ ಹಿಡಿದು ನೋಡಿದೆ. ನಿಲುವು ಗೀರು ಮೇಲೆ ಗಟ್ಟಿ, ಕೆಳಗೆ ಬರುತ್ತಾ ಬಳಲಿ ಎಡಕ್ಕೆ ಜಾರುತ್ತಿತ್ತು. ಸೊನ್ನೆ ಮೊಟ್ಟೆಯ ಹಾಗೆ ಉದ್ದ. ಕೊನೆಯ ಗೀರನ್ನು ಎತ್ತುವಾಗ ಅವಸರಕ್ಕೆ ಒಂದು ಪುಟ್ಟ ಬಾಲ ಉಳಿದುಬಿಟ್ಟಿತ್ತು. ಕೈ ನಡುಗುತ್ತಲೇ ಇತ್ತು. ನಡುಗುವ ಕೈಗೆ ಮಗುವಿನ ಅಕ್ಷರ ಸುಲಭ. ಬಳಲಿದ ಗೀರು, ಉದ್ದನೆಯ ಸೊನ್ನೆ, ಕೊನೆಯ ಬಾಲ, ಯಾವುದನ್ನೂ ತಿದ್ದದೆ ಹಾಗೇ ಬರೆದೆ.

ಅವರು ಬಗ್ಗಿ ನೋಡಿದರು. ಬೆರಳನ್ನು ಒದ್ದೆ ಅಕ್ಷರದ ಮೇಲೆ ತಾಗದಂತೆ, ಬಾಲದವರೆಗೂ ಎಳೆದರು. ಆಮೇಲೆ ಆ ಹೆಸರನ್ನು ಗಟ್ಟಿಯಾಗಿ ಓದಿದರು. ಇನ್ನೊಮ್ಮೆ, ಮತ್ತೊಮ್ಮೆ. ಒಳಗಿನ ಕೋಣೆಯಲ್ಲಿ ಓದುತ್ತಾ ಕೂತ ಮಗಳನ್ನು ಊಟಕ್ಕೆ ಕರೆಯುವ ದನಿ ಅದು.

ನನ್ನ ಹಿಂದಿದ್ದ ಕೋಣೆಯ ಬಾಗಿಲಿನ ಕಡೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.